ಬೂದಿ ಹಾರಬಾರದು

ನವಲಿ ಮಾರೆಮ್ಮಜ್ಜಿಗೆ, ಕೊಪ್ಪಳದಿಂದ ನಿನ್ನ ದೊಡ್ಡ ಫ್ಯಾನಿನ ನಮಸ್ಕಾರ. (ದೀಪಿಕಾ, ನಿನ್ನ ಫೋನಿಗೆ ಕಳಿಸಿದ ಈ ಮೆಸೇಜ್ ಪೂರ್ತಿ ಅಜ್ಜಿಗೆ ಓದಿ ಹೇಳು, ನಡುವ ಹಾರಿಸಬ್ಯಾಡ.)

ಅಜ್ಜಿ, ಸಣ್ಣಾಕಿದ್ದಾಗ ನಾ ಊದುಗೊಳವಿ ಹಿಡದು ಜೋರ ಊದಿದ್ರ, "ಬೂದಿ ಹಾರಬಾರದು ಹುಡಿಗಿ, ಕೆಂಡ ಕೆಂಪಾಗಬೇಕು, ಸಾವಕಾಶ" ಅಂತಿದ್ದಿ. ನೆಪ್ಪೈತಿ? ಈಗ ಕಾಲೇಜಿನ ದವಾಖಾನ್ಯಾಗ ದಮ್ಮಿನ ರೋಗದವ್ರಿಗೆ ಸಾವಕಾಶ ಉಸಿರು ಬಿಡೂದು ಕಲಸಾಕತ್ತೀನಿ. ನಿನ್ನೆ ಇರಕಲ್ಲಗಡದ ಅಜ್ಜ ಒಬ್ಬಗ ಎಷ್ಟ ಹೇಳಿದ್ರೂ ತಿಳೀಲಿಲ್ಲ. ಕಡೀಗೆ ನಿನ್ನ ಮಾತ ಅಂದೆ. ತುಟಿ ಸಣ್ಣ ಮಾಡಿ ಛಲೋ ಊದಿದ. "ನಮ್ಮವ್ವನೂ ಹಿಂಗ ಬೈತಿದ್ಲವಾ" ಅಂತ ನಕ್ಕ.

ನನಗ ನೀ ಭಾಳ ನೆನಪಾದಿ. ಫೋನಿನ್ಯಾಗ ನಿನ್ನ ದಮ್ಮು ಕೇಳಸ್ತೈತಿ, ನೀ "ವಯಸ್ಸು" ಅಂತಿ. ಒಲಿ ಹೊಗಿ ಕುಡದದ್ದು ಸಾಕು. ಸೋಮವಾರ ಮುಂಜಾನಿ ಬಸ್ಸಿಗೆ ಬಾ. ಇಲ್ಲಿ ಉಸಿರು ಅಳೆಯೋ ಕೊಳವಿ ಐತಿ, ನಾನ ಹಿಡೀತೀನಿ. ಅದರಾಗ ಬೂದಿ ಇಲ್ಲಜ್ಜಿ, ಜೋರ ಊದು.

ನಿನ್ನ ಒಲಿ ಮುಂದಿನ ಹುಡಿಗಿ,
ಸಹನಾ