ಬೆಂಕಿಗೆ ಹಿಡಿದ ಗಿಟಾರು

ಮಾದಣ್ಣಾ,

ಸತ್ತವರಿಗೆ ಎಡೆ ಇಡುವವರನ್ನು ವೇದಿಕೆ ಮೇಲೆ ನಿಂತು ಲೇವಡಿ ಮಾಡುತ್ತಿದ್ದವನು ನಾನು. ಈಗ ಸತ್ತ ನಿನಗೆ ಕಾಗದ ಬರೆಯಲು ಕೂತಿದ್ದೇನೆ. ನಗು. ನಗುವ ಹಕ್ಕು ನಿನಗಿದೆ. ಆದರೆ ನೀನು ಹಾಸಿಗೆ ಹಿಡಿದ ಮೇಲೂ ಕೇಳುತ್ತಿದ್ದ ಒಂದು ಪ್ರಶ್ನೆ ಇತ್ತಲ್ಲ, ಅದಕ್ಕೆ ಉತ್ತರ ಸಿಕ್ಕಿದೆ. ಅದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮೊದಲ ಸಲ ನನ್ನನ್ನು ಎಳೆದುಕೊಂಡು ಹೋದದ್ದು ನೆನಪಿದೆಯಾ? ನೀನು ನಂಜನಗೂಡಿನ ಬಾಳೆ ಮಂಡಿಯಲ್ಲಿ ಗೊನೆ ಹೊತ್ತು, ಅಂಗಿ ತುಂಬ ಬಾಳೆಯ ಕಲೆ ಮಾಡಿಕೊಂಡು, ನೇರ ನಮ್ಮ ದಲಿತ ಸಂಘದ ಕೋಣೆಗೆ ನುಗ್ಗಿದ್ದೆ. ಗಣಪತಿ ಕೂರಿಸಿದ್ದ ಬೀದಿಗೆ ಮೈಸೂರಿನ ಆರ್ಕೆಸ್ಟ್ರಾ ಬಂದಿತ್ತು. ಕಾರ್ಯಕ್ರಮಕ್ಕೆ ಇನ್ನೂ ಬಹಳ ಹೊತ್ತಿತ್ತು. ಈಗಲೇ ಯಾಕಣ್ಣ ಅಂದರೆ, "ಆ ಸಾಂಗು ಯಾರ್ಗ್ ಬೇಕ್ಲಾ, ಮೈಕ್ ಟೆಸ್ಟಿಂಗು ಕೇಳ್ಬೇಕು, ಏಳ್ಲಾ ಮ್ಯಾಕೆ" ಅಂದೆ. ಮೈಕ್ ಟೆಸ್ಟಿಂಗ್ ಕೇಳಲು ಓಡುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಖಾಲಿ ಕುರ್ಚಿಗಳು. ಒಬ್ಬ ಹಲೋ ಹಲೋ ಅನ್ನುತ್ತ ಮೈಕು ಬಡಿಯುತ್ತಿದ್ದ. ವೇದಿಕೆಯ ಮೂಲೆಯಲ್ಲಿ, ನಮಗೆ ಬೆನ್ನು ಹಾಕಿಕೊಂಡು ಆ ಗಿಟಾರಿನ ಸ್ಟ್ಯಾನ್ಲಿ. ಸಣಕಲ ಆಳು, ಕತ್ತು ಮುಚ್ಚುವಷ್ಟು ಕೂದಲು. ಹಾಡುಗಾರರು ಬಂದ ಮೇಲೆ ಅವನೂ ನಿನ್ನ ಹಾಗೆ ಕೂಲಿಯವನೇ, ಸಿನಿಮಾ ಹಾಡಿಗೆ ಹೇಳಿದಷ್ಟು ನುಡಿಸಬೇಕು. ಆದರೆ ವೈರು ಜೋಡಿಸುವ ಆ ಹೊತ್ತು ಮಾತ್ರ ಅವನದೇ. ರಾಕ್ ಅನ್ನುತ್ತಾರಂತೆ ಅದನ್ನು, ನಮಗೇನು ಗೊತ್ತಿತ್ತು? ಒಂದು ತಂತಿಯನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿ ಹಿಡಿದ ನೋಡು, ಆ ಸದ್ದು ಬೀದಿಯ ಆ ತುದಿಯವರೆಗೆ ಹೋಗಿ, ತಿರುಗಿ ಬಂದು, ನನ್ನ ಎದೆಗೂಡಿನ ಒಳಗೆ... ಹೇಳಲು ಬರುವುದಿಲ್ಲ ಬಿಡು.

ನಿನಗಂತೂ ಬರೀ ಪ್ರಶ್ನೆ. "ಕಾಲಲ್ಲಿ ಅದೇನೋ ತುಳೀತಾವ್ನಲ್ಲಾ, ಒಲ್ಗೆ ಮಿಷಿನ್ನಾ?" "ತಂತಿ ತಳ್ಳುದ್ರೆ ಅಳ್ತದೆ, ಬುಟ್ರೆ ಸುಮ್ಕಾಯ್ತದೆ, ಯಾಕ್ಲಾ?" ಊರೂರು ತಿರುಗಿ ಎಲ್ಲ ತಿಳಿದವನ ಹಾಗೆ ಮಾತಾಡುತ್ತಿದ್ದ ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. "ಇದ್ಕೆ ನಿನ್ತಾವು ಭಾಷ್ಣ ಇಲ್ವಾ?" ಅಂತ ನೀನು ಕಿಚಾಯಿಸಿದೆ. ಸಿನಿಮಾ ಹಾಡು ಶುರುವಾದದ್ದೇ, ಟವಲ್ಲು ಕೊಡವಿ ಎದ್ದುಬಿಟ್ಟೆ. ಜನ ಒಳಗೆ ಬರುತ್ತಿದ್ದರು, ನಾವಿಬ್ಬರೇ ಹೊರಗೆ ಹೋಗುತ್ತಿದ್ದೆವು.

ಬದನವಾಳಿನ ಶಿಬಿರದಲ್ಲಿ ನಾನು ನಿನ್ನ ಮೇಲೆ ಹರಿಹಾಯ್ದದ್ದೂ ನೆನಪಿಗೆ ಬರುತ್ತದೆ. ಹೆಣದ ಮುಂದೆ, ದೇವರ ಮುಂದೆ ತಮಟೆ ಬಡಿಯುವುದನ್ನು ನಿನ್ನಂಥ ನಮ್ಮವರು ಬಿಡಬೇಕು, ಹೋರಾಟದ ಹಾಡಿಗೆ ಮಾತ್ರ ಬಡಿಯಬೇಕು ಎಂಬ ಚರ್ಚೆ ಅದು. ಅದು ಮುಗಿಯುತ್ತಿದ್ದಂತೆ ಯಾರೋ ನಿನ್ನ ಗಿಟಾರಿನ ಹುಚ್ಚು ಎತ್ತಿದರು. ಅದು ಅಮೆರಿಕದವರ ಸಂಗೀತ, ಸಾಮ್ರಾಜ್ಯಶಾಹಿಯ ಆಮಿಷ ಅಂತ ನಾನು ಶುರುಹಚ್ಚಿದೆ. ನೀನು ಬೀಡಿ ಆರಿಸಿ ಎದ್ದು ನಿಂತೆ. "ಅದ್ಯಾವ ಶಾಯಿನೋ ನಂಗೊತ್ತಿಲ್ಲ ಕಣ್ರಪ್ಪಾ. ನಾನು ಕಡ್ಡಿ ಎತ್ತುದ್ರೆ ಇವತ್ಗಂಟ ಎಲ್ರೂ ಕೇಳಿರೋದು ಸತ್ತೋರ್ಯಾರು ಅಂತ. ಅವ್ನು ಕೈ ಎತ್ತುದ್ರೆ ಯಾರೂ ಏನೂ ಕೇಳಕ್ಕಿಲ್ಲ, ಸುಮ್ನೆ ಕೇಳುಸ್ಕತಾರೆ. ಅಂಗೊಂದಿನ ನಂದೂ ಕೇಳುಸ್ಕಬೇಕು, ಅಷ್ಟೇಯ." ನನ್ನ ಎಲ್ಲ ಕರಪತ್ರಗಳನ್ನು ಗುಡ್ಡೆ ಹಾಕಿದರೂ ಆ ಮಾತಿಗೆ ಸಮ ಆಗುವುದಿಲ್ಲ ಅಂತ ಅಂದೇ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲಿಲ್ಲ.

ಟಿ. ನರಸೀಪುರದ ರಾಜ್ಯೋತ್ಸವ. ಅವತ್ತು ಎರಡು ಹೊಳೆಯ ತಂಡಿ ಸಂಜೆಗೇ ಊರೊಳಕ್ಕೆ ಇಳಿದಿತ್ತು. ಮೆರವಣಿಗೆಗೆ ನಮ್ಮ ತಮಟೆ ಬೇಕು, ಮೆರವಣಿಗೆ ಮುಗಿದ ಮೇಲೆ ನಾವು ವೇದಿಕೆ ಹಿಂದೆ ಕೂರಬೇಕು. ಕನ್ನಡಮ್ಮನ ಮಕ್ಕಳಲ್ಲೂ ಮುಂದಿನ ಸಾಲು, ಹಿಂದಿನ ಸಾಲು! ಉದ್ಘಾಟನೆಗೆ ಇನ್ನೊಂದು ಸಲ ಬಡಿಯಬೇಕಿತ್ತು. ಚರ್ಮ ತೇವ ಹಿಡಿದು ಬೊದಬೊದ ಅನ್ನುತ್ತಿತ್ತು. ಹುಲ್ಲು ಗುಡ್ಡೆ ಮಾಡಿ ಬೆಂಕಿ ಹಾಕಿ ನೀನು ತಮಟೆ ಕಾಯಿಸುತ್ತಿದ್ದೆ. ಬೆಂಕಿ ಕಂಡು ಒಬ್ಬ ಕೈ ಉಜ್ಜಿಕೊಳ್ಳುತ್ತ ಬಂದ. ನೋಡಿದರೆ ಸ್ಟ್ಯಾನ್ಲಿ! ಅವತ್ತಿನ ಆರ್ಕೆಸ್ಟ್ರಾದಲ್ಲಿ ಅವನೂ ಇದ್ದಾನೆ ಅಂತ ನಮಗೆ ಗೊತ್ತೇ ಇರಲಿಲ್ಲ.

"ಏನ್ ಬಾಸ್, ಹಿಂಗೆ ಕಾಯಿಸಿದ್ರೆ ಟ್ಯೂನ್ ಆಗುತ್ತಾ ಇದು?" ಅಂದ.

"ಊ ಸಾ. ತಂಡಿಗೆ ಮಲ್ಗೋಯ್ತದೆ, ಬೆಂಕಿ ತೋರುದ್ರೆ ಎದ್ದು ಕೂತ್ಕತದೆ." ನೀನು ಸರಿದು ಅವನಿಗೆ ಬೆಂಕಿಯ ಪಕ್ಕ ಜಾಗ ಮಾಡಿಕೊಟ್ಟೆ.

"ನಂದೂ ಅದೇ ಕಥೆ. ಈ ಥಂಡಿಗೆ ಟ್ಯೂನೇ ನಿಲ್ತಿಲ್ಲ." ಅಷ್ಟರಲ್ಲಿ ವೇದಿಕೆಯಿಂದ ಯಾರೋ ಕರೆದರು. "ಸ್ವಲ್ಪ ಹಿಡ್ಕೊಂಡಿರಿ ಬಾಸ್, ಬಂದೆ" ಅಂತ ಗಿಟಾರನ್ನು ನಿನ್ನ ಕೈಗೆ ಕೊಟ್ಟು ಓಡಿದ.

ನೀನು ಅದನ್ನು ಹೇಗೆ ಹಿಡಿದೆ ಅಂದರೆ, ಆಗತಾನೆ ಹುಟ್ಟಿದ ಕೂಸನ್ನು ಹಿಡಿದ ಹಾಗೆ. ನನ್ನ ಮುಖ ನೋಡಿದೆ. "ಪಾಪ, ಇದ್ಕೂ ತಂಡಿಯಂತೆ ಕಣ್ಲಾ." ಕುಕ್ಕರಗಾಲಲ್ಲಿ ಕೂತು ತಮಟೆಯ ಹಾಗೇ ತಿರುಗಿಸಿ ತಿರುಗಿಸಿ ಬೆಂಕಿಗೆ ತೋರಿಸಿದೆ. ಪಕ್ಕದಲ್ಲೇ ಇದ್ದ ನನಗೂ ಸರಿ ಅನ್ನಿಸಿತು. ತಂಡಿಗೆ ಕೆಟ್ಟದ್ದು ಕಾವಿಗೆ ಸರಿಯಾಗದೆ ಇನ್ನೇನು? ಹುಟ್ಟಿದಾಗಿನಿಂದ ನಾವು ಕಂಡದ್ದೇ ಅದು. ಕಬ್ಬಿಣದ ತಂತಿ ಕಾವಿಗೆ ಸಡಿಲ ಬೀಳುತ್ತದೆ ಅಂತ ನಮಗೆ ಹೊಳೆಯಲೇ ಇಲ್ಲ. ಪಾಲಿಷ್ ಸುಟ್ಟ ವಾಸನೆ ಬಂತು. ಅಂಚಿನಲ್ಲಿ ಬೊಬ್ಬೆ ಎದ್ದಿತು. ನೀನು ಹೆದರಿ ತಂತಿ ಮುಟ್ಟಿದರೆ ಅದು ಜೋತು ಬಿದ್ದ ಸದ್ದು ಮಾಡಿತು.

ಅದೇ ಹೊತ್ತಿಗೆ ಬಂದ ಆರ್ಕೆಸ್ಟ್ರಾ ಮ್ಯಾನೇಜರು. "ಯಾವನೋ ಅವ್ನು? ಚರ್ಮ ಬೇಯಿಸೋರ ಕೈಗೆ ಗಿಟಾರ್ ಕೊಟ್ಟೋನು ಯಾವನೋ?"

ನೀನು ಗಿಟಾರನ್ನು ಬೆಂಚಿನ ಮೇಲೆ ಮಲಗಿಸಿ, ನಿನ್ನ ಟವಲ್ಲಿನಿಂದ ಒರೆಸಿ, ತಮಟೆ ಹೆಗಲಿಗೆ ಹಾಕಿಕೊಂಡು ನಡೆದೆ. ನಾನು ಅವನ ಅಂಗಿ ಹಿಡಿದೆ. "ಮೆರವಣಿಗೆಗೆ ಬೇಕಾದ ಚರ್ಮ ಈಗ ನಾರುತ್ತೇನಯ್ಯಾ?" ಅಂದೆ. ಜನ ಬಿಡಿಸಿದರು. ಹಿಂದೆ ಓಡಿ ಬಂದರೆ ನೀನು ನಂಜನಗೂಡಿನ ಬಸ್ಸು ಹತ್ತಿ ಕೂತಿದ್ದೆ. ಸ್ಟ್ಯಾನ್ಲಿ ಏನಂದ, ಆಮೇಲೆ ನುಡಿಸಿದನೋ ಇಲ್ಲವೋ, ಇಬ್ಬರಿಗೂ ತಿಳಿಯಲಿಲ್ಲ.

ಅಲ್ಲಿಂದಾಚೆಗೆ ನೀನು ಮೈಕ್ ಟೆಸ್ಟಿಂಗಿಗೆ ಹೋಗಲಿಲ್ಲ. ಬೈದವನ ಮೇಲೆ ನಿನಗೆ ಕೋಪವಿತ್ತಾ? ನನಗೆ ಕಾಣಲಿಲ್ಲ. ಕೋಪ ಎಲ್ಲ ನನ್ನದು. ನಿನ್ನದು ಒಂದೇ ಪ್ರಶ್ನೆ, ಮಂಡಿಯಲ್ಲಿ, ಟೀ ಅಂಗಡಿಯಲ್ಲಿ, ಕಾಮಾಲೆ ಬಂದು ಕಣ್ಣು ಹಳದಿ ತಿರುಗಿದ ಮೇಲೂ. "ಲೋ, ಆ ಗಿಟಾರು ಕೆಟ್ಟೋಯ್ತೇನ್ಲಾ? ಅವ್ನೇನಂದ್ನೋ?" ಮೈಸೂರಿಗೆ ಹೋಗಿ ಕೇಳೋಣ ಬಾ ಅಂದರೆ, "ಬ್ಯಾಡ. ಕೆಟ್ಟೋಯ್ತು ಅಂದ್ಬುಟ್ರೆ?" ಅನ್ನುತ್ತಿದ್ದೆ.

ಕೇಳು ಈಗ. ಮೊನ್ನೆ ನಂಜನಗೂಡಿನ ಕಾಲೇಜಿನಲ್ಲಿ ಸ್ಟ್ಯಾನ್ಲಿಯ ಕಾರ್ಯಕ್ರಮ ಅಂತ ಗೋಡೆ ಮೇಲೆ ಕಂಡೆ. ಆರ್ಕೆಸ್ಟ್ರಾ ಬಿಟ್ಟಿದ್ದಾನೆ, ಈಗ ಅವನದೇ ರಾಕ್ ತಂಡ. ನಿನ್ನ ಅಭ್ಯಾಸದಂತೆ ಮುಂಚೆಯೇ ಹೋದೆ. ಖಾಲಿ ಕುರ್ಚಿ, ಹಲೋ ಹಲೋ, ಮೂಲೆಯಲ್ಲಿ ಅದೇ ಬೆನ್ನು. ಕೂದಲು ನರೆತಿದೆ. ಅದೇ ಗಿಟಾರು, ಮಾದಣ್ಣ. ಕೆಳಗಿನ ಅಂಚಿನಲ್ಲಿ ಅಂಗೈಯಗಲ ಕಂದು ಬೊಬ್ಬೆ. ಕಾಲು ತಾನಾಗಿ ವೇದಿಕೆ ಹತ್ತಿತು.

ಟಿ. ನರಸೀಪುರದ ಬೆಂಕಿ ಅಂದದ್ದೇ ಅವನಿಗೆ ಹೊಳೆಯಿತು. "ಸುಳ್ಳು ಯಾಕೆ ಹೇಳ್ಲಿ, ಆ ಹೊತ್ತಲ್ಲಿ ಸಿಕ್ಕಿದ್ರೆ ಬಯ್ತಿದ್ದೆ" ಅಂದ. ಅವತ್ತು ತಂತಿಗಳೆಲ್ಲ ಇಳಿದು ಕೂತಿದ್ದವಂತೆ, ಮೇಲಕ್ಕೆ ಬಿಗಿಯಲು ಹೋದರೆ ಎರಡು ಪಟಪಟನೆ ಹರಿದವಂತೆ. ಉಳಿದವನ್ನು ಇಳಿದಲ್ಲೇ ಹೊಂದಿಸಿ ನುಡಿಸಿದ. "ಹಾಡೋರೆಲ್ಲ ನಂಗೆ ಬೈದ್ರು. ಆದ್ರೆ ಆ ಕೆಳಗಿನ ಸೌಂಡ್ ಇದೆಯಲ್ಲ ಸರ್, ಅದು ನನ್ನ ಬಿಡ್ಲಿಲ್ಲ. ಮನೇಲಿ ಮತ್ತೆ ಮತ್ತೆ ಹಂಗೇ ಇಳಿಸಿ ನೋಡ್ದೆ. ಈಗ ನನ್ನ ಸ್ವಂತದ್ದು ಏನೇ ನುಡಿಸಿದ್ರೂ ಆ ಟ್ಯೂನೇ." ಬೊಬ್ಬೆ ಯಾಕೆ ತೆಗೆಸಲಿಲ್ಲ ಅಂದೆ. "ಮೊದ್ಲು ಸೋಮಾರಿತನ. ಆಮೇಲೆ ಇದಿಲ್ದಿದ್ರೆ ನಂದೇ ಅನ್ನಿಸ್ತಿರಲಿಲ್ಲ. ಅವರೆಲ್ಲಿ ಸರ್, ಬಂದಿಲ್ವಾ?"

ಹೇಳಿದೆ. ಅವನು ಗಿಟಾರನ್ನು ಕತ್ತಿನಿಂದ ತೆಗೆದು ಕುರ್ಚಿ ಮೇಲೆ ಇಟ್ಟ. ಮ್ಯಾನೇಜರು ಅಂದ ಮಾತನ್ನೂ ಹೇಳಿದೆ, ಅದನ್ನು ನುಂಗಿಕೊಳ್ಳುವ ಜಾತಿ ನನ್ನದಲ್ಲ. ಅವನಿಗೆ ಅದು ಗೊತ್ತಿರಲಿಲ್ಲ. "ನನ್ನ ಮೇಲಿನ ಕೋಪಕ್ಕೆ ಹೋದ್ರು ಅನ್ಕೊಂಡಿದ್ದೆ" ಅಂದ.

ನಿನ್ನ ಇನ್ನೊಂದು ಪ್ರಶ್ನೆ ಕೇಳದೆ ಬರುತ್ತೇನಾ? ಕಾಲಲ್ಲಿ ತುಳಿಯುವುದು ಏನು ಅಂದೆ. "ನೀವೇ ತುಳಿದು ನೋಡಿ" ಅಂದ. ಚಪ್ಪಲಿ ಬಿಟ್ಟು ತುಳಿದೆ. ಅವನು ತಂತಿ ತಳ್ಳಿದ. ನಾನು ಒತ್ತಿದಂತೆ ಸದ್ದು ಬಾಯಿ ತೆರೆಯಿತು, ಎತ್ತಿದಂತೆ ಮುಚ್ಚಿಕೊಂಡಿತು. ಹೊಲಿಗೆ ಮಿಷಿನ್ನಿನ ಪೆಡಲ್ಲಿನ ಹಾಗೇ ಇದೆ ಕಣಣ್ಣ. ಆದರೆ ಯಾಕೆ ಅಳುತ್ತದೆ ಅಂತ ಅವನಿಗೂ ಗೊತ್ತಿಲ್ಲವಂತೆ.

ಅಂತೂ ಗಿಟಾರು ಕೆಟ್ಟಿಲ್ಲ.

ನಿನ್ನ ತಮಟೆ ನನ್ನ ಮನೆಯಲ್ಲಿದೆ. ಹೆಣದ ಮುಂದೆ ಬಡಿಯಬಾರದು ಅಂತ ನಿನ್ನ ಮಣ್ಣಿಗೂ ಅದನ್ನು ತರಲು ಬಿಡಲಿಲ್ಲ ನಾನು. ನೀನು ಹೋದಾಗಿನಿಂದ ಅದು ಬೆಂಕಿ ಕಂಡಿಲ್ಲ. ಸ್ಟ್ಯಾನ್ಲಿ ಮುಂದಿನ ತಿಂಗಳು ಟಿ. ನರಸೀಪುರಕ್ಕೆ ಬರುತ್ತಾನೆ. ತಮಟೆ ತನ್ನಿ, ವೇದಿಕೆ ಮೇಲೆ ಪಕ್ಕದಲ್ಲೇ ನಿಂತು ಬಡೀರಿ ಅಂದಿದ್ದಾನೆ. ನನ್ನ ಕೈ ನಿನ್ನ ಕೈಯಲ್ಲ, ಆದರೂ ಬಡಿಯುತ್ತೇನೆ. ಸತ್ತವರ್ಯಾರು ಅಂತ ಯಾರೂ ಕೇಳುವುದಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತಾರೆ.

ಅಲ್ಲೇ ಹಿಂದೆ ಹುಲ್ಲು ಹಾಕಿ ಕಾಯಿಸಬೇಕಾಗುತ್ತದೆ ಅಂದೆ. "ಕಾಯಿಸಿ ಸರ್, ನಾನು ಗಿಟಾರ್ ಹಿಡ್ಕೊಂಡು ದೂರ ನಿಂತ್ಕೋತೀನಿ" ಅಂತ ನಕ್ಕ.

ದೂರ ಬೇಡ, ಸ್ವಲ್ಪ ಹತ್ತಿರಾನೇ ಇರಲಿ ಅಂದೆ.