ಎಸಿಯ ಕೆಳಗಿನ ಮೂಲೆ

ಅಲ್ ಖೌದ್
೧೮ ನವೆಂಬರ್ ೨೦೦೫, ಶುಕ್ರವಾರ

ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಮೀನು ಸಾರಿಗಿಟ್ಟು ಮತ್ತೆ ಅದೇ ಮೂಲೆ ನೋಡಿದೆ. ಎಸಿಯ ಕೆಳಗೆ. ಬಿಸಿಲಿಲ್ಲ, ದಿನವಿಡೀ ತಟತಟ ನೀರು, ಚಿಪ್ಪಿಲ್ಲದ ಬಸವನಹುಳುಗಳ ಸಂತೆ. ನೆಟ್ಟ ಬಸಳೆಯೆಲ್ಲ ಜರಡಿ.

ಪಕ್ಕದ ಮನೆ ಝೊಹರಾ ಬಂದಳು. "ಎಸ್ತರಕ್ಕ, ಇಲ್ಲಿಗೆ ದಪ್ಪ ಎಲೆಯದ್ದೇ ಆಗ್ಬೇಕು. ಬಿಸಿಲು ಕೇಳುವಂಥದ್ದು ಬೇಡ. ಹವೋರ್ಥಿಯಾ ಹಾಕುವ. ನೆರಳಾದ್ರೂ ಆಗ್ತದೆ, ಎಲೆ ಗಟ್ಟಿ ಉಂಟು, ಹುಳಕ್ಕೆ ಬಾಯಿ ಹಾಕ್ಲಿಕ್ಕೆ ಕಷ್ಟ."

ತನ್ನ ಕುಂಡದಿಂದ ಮೂರು ಮರಿ ಬಿಡಿಸಿ ಕೊಟ್ಟಳು. ತಾಯಿಗಿಡವನ್ನು ಸಾಕಿದ್ದು ತೀರಿಕೊಂಡ ಅವಳ ಅಕ್ಕ, ಸಹಮ್ ಊರಲ್ಲಿ. ಬೇರೆ ಯಾರಿಗೂ ಮರಿ ಕೊಟ್ಟವಳಲ್ಲ. ಮಣ್ಣಿಗೆ ಜಲ್ಲಿ ಬೆರೆಸಿ, ಎಸಿ ಪೈಪ್ ಬಕೆಟಿಗೆ ತಿರುಗಿಸಿ ನೆಟ್ಟೆವು.

೯ ಡಿಸೆಂಬರ್

ಝೊಹರಾ ಊರಿಗೆ ಹೋಗಿ ವಾರವಾಯಿತು. ಬಕ್ರೀದ್ ಮುಗಿಸಿಯೇ ಬರುವುದು. "ಮಕ್ಕಳನ್ನು ನೋಡಿಕೊಳ್ಳಿ ಅಕ್ಕ" ಅಂದಿದ್ದಳು — ಗಿಡಗಳನ್ನು!

ಇವತ್ತು ಒಂದರ ಎಲೆತುದಿ ಹುಳು ತಿಂದಿದೆ. ಸಿಟ್ಟು ನೆತ್ತಿಗೇರಿತು. ಊರಲ್ಲಿ ಮಾಡುವ ಹಾಗೆ ಕಲ್ಲುಪ್ಪು ಹಿಡಿಹಿಡಿ ಎರಚಿದೆ. ಹುಳು ಖಲಾಸ್. ಮೇಲಿಂದ ಒಂದು ಚೊಂಬು ನೀರೂ ಹೊಯ್ದೆ. ಭಾರೀ ಬುದ್ಧಿವಂತೆ ನಾನು.

೨ ಜನವರಿ ೨೦೦೬

ಮೂರೂ ಸತ್ತವು. ಕಂದಿ, ಮೆತ್ತಗಾಗಿ. ಪೀಟರ್ ಕೊಂಕಣಿಯಲ್ಲಿ ಹೇಳಿದ್ದು ಇಷ್ಟೇ — ಊರಲ್ಲಾದರೆ ಮಳೆ ಬಂದು ಉಪ್ಪು ತೊಳೆಯುತ್ತದೆ, ಈ ಮರಳುಗಾಡಲ್ಲಿ ಯಾರು ತೊಳೆಯುತ್ತಾರೆ? ಈ ಗಂಡನಿಗೆ ಎಲ್ಲ ಆದ ಮೇಲೆಯೇ ಬುದ್ಧಿ. ನನಗೆ ಆಗಲೂ ಇಲ್ಲ.

ಝೊಹರಾ ಫೋನ್ ಮಾಡಿದಳು. "ಮಕ್ಕಳು ಹೇಗಿದ್ದಾರೆ?"

"ಚೆಂದ ಉಂಟು" ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

೨೦ ಜನವರಿ, ಶುಕ್ರವಾರ

ಇಗರ್ಜಿಯಲ್ಲಿ ಪರಮಪ್ರಸಾದಕ್ಕೆ ಏಳಲಿಲ್ಲ, ಸುಳ್ಳು ಹೇಳಿದ ನಾಲಿಗೆಗೆ ಅದು ಹೇಗೆ? ಕೂತಲ್ಲೇ ಕೂತೆ.

ಝೊಹರಾ ನಿನ್ನೆ ಬಂದಳು, ನನಗೆ ಹಲ್ವಾ ಹಿಡಿದುಕೊಂಡು. ಬರಿದಾದ ಮೂಲೆ ನೋಡಿ ಬೈಯಲೇ ಇಲ್ಲ. "ನಂದೇ ತಪ್ಪು ಅಕ್ಕ, ಆರಿಸಿದ್ದೇ ಸರಿಯಾಗ್ಲಿಲ್ಲ. ನನಗೆ ಬೇಜಾರಾಗ್ತದೇಂತ ಫೋನಲ್ಲಿ ಹೇಳ್ಲಿಲ್ಲ ಅಲ್ವಾ ನೀವು?"

ಹೌದೆಂದು ತಲೆಯಾಡಿಸಿದೆ. ಥೂ.

ಸಂಜೆ

ಕಿಟಕಿಯಿಂದ ಕಾಣುತ್ತಿದೆ. ಝೊಹರಾ ಅದೇ ಮೂಲೆ ಅಗೆಯುತ್ತಿದ್ದಾಳೆ. ಪಕ್ಕದಲ್ಲಿ ಅಕ್ಕನ ತಾಯಿಗಿಡ, ಕುಂಡದಿಂದ ಬಿಡಿಸಿ ಇಟ್ಟಿದ್ದಾಳೆ. "ಮರಿ ಅಲ್ವಾ, ತಾಳ್ಲಿಲ್ಲ. ದೊಡ್ಡದು ತಾಳ್ತದೆ" ಅಂತೆ.

ಹೇಳಬೇಕು. ಈಗಲೇ. ಎದ್ದು ಹೋಗುವ ಬದಲು ಇದನ್ನು ಬರೆಯುತ್ತಾ ಕೂತಿದ್ದೇನೆ, ಹೇಡಿ.

ಕರೆಯುತ್ತಿದ್ದಾಳೆ... "ಎಸ್ತರಕ್ಕ, ಬನ್ನಿ, ನೀವೇ ನೆಡಿ. ನಿಮ್ಮ ಕೈಗುಣ ಒಳ್ಳೇದುಂಟು."

ಬಂದೆ. ನೆಡುವುದು ಬೇಡ ಝೊಹರಾ, ಆ ಮಣ್ಣಿಗೆ ನಾನು —