ದೂರದೂರಿನ ಅಜ್ಜಿಯ ಕಾಮೆಂಟು

ಜುಲೈ 8, ಸೋಮವಾರ

ಇವತ್ತೂ ನೆಟ್ ಕೈಕೊಟ್ಟಿತು. ಲ್ಯಾಬಿನಲ್ಲಿ ಒಂದೊಂದು ಕಂಪ್ಯೂಟರಿಗೆ ಮೂವರು ಮಕ್ಕಳು, ಮೂವರಿಗೂ ಮೌಸೇ ಬೇಕು. ಹೇಗೋ ಏಳನೇ ತರಗತಿಯ ಬ್ಲಾಗ್ ಕುಂಟುತ್ತಾ ಸಾಗಿದೆ. ವಾರಕ್ಕೊಂದು ಪೋಸ್ಟ್, ಇಬ್ಬರಿಗೆ ಕಾಮೆಂಟ್ — ನಿಯಮ ನನ್ನದೇ. ಎಲ್ಲರೂ ತಂತಮ್ಮ ಗೆಳೆಯರಿಗೆ ‘ಸೂಪರ್’ ಎಂದು ಬರೆದು ಕೈತೊಳೆದುಕೊಂಡರು.

ಗುಬ್ಬಿಯ ಪೋಸ್ಟಿಗೆ ಈ ವಾರವೂ ಸೊನ್ನೆ ಕಾಮೆಂಟು. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ. ಅಮ್ಮನದು ಇಸ್ತ್ರಿ ಅಂಗಡಿ. ಬರೆದಿದ್ದಾಳೆ: “ಇಸ್ತ್ರಿಪೆಟ್ಟಿಗೆ ಕಾದಿದೆಯಾ ಅಂತ ಅಮ್ಮ ನೀರು ಚಿಮುಕಿಸಿ ಕಿವಿಗೊಡ್ತಾಳೆ.” ಅಬ್ಬಾ! ಇದಕ್ಕೆ ಯಾರೂ ಇಲ್ಲ, ಯಾವನೋ ಹಾಕಿದ ಕಾರಿನ ಫೋಟೋಗೆ ಜಾತ್ರೆ. ಗಂಟೆ ಹೊಡೆಯುವವರೆಗೂ ರಿಫ್ರೆಶ್ ಒತ್ತುತ್ತಲೇ ಇದ್ದಳು.

ಜುಲೈ 9

ಟೀಚರಾಗಿ ನನ್ನ ಹೆಸರಲ್ಲಿ ಹೊಗಳಿದರೆ ಮಾರ್ಕ್ಸು ಕೊಟ್ಟ ವಾಸನೆ. ಹೊಸ ಅಕೌಂಟ್ ಮಾಡಿದೆ — ‘ದೂರದೂರಿನ ಅಜ್ಜಿ’. ಬರೆದೆ: “ಮಗಳೇ, ನಿಮ್ಮಮ್ಮ ಕಿವಿಗೊಡೋದು ನಂಗೂ ಕೇಳಿಸ್ತು. ಇನ್ನೂ ಬರಿ.”

ಆಗಸ್ಟ್ 2

ಗುಬ್ಬಿ ವಾರಕ್ಕೆ ಮೂರು ಪೋಸ್ಟ್ ಹಾಕುತ್ತಿದ್ದಾಳೆ! ಎಲ್ಲ ಅಜ್ಜಿಗೇ. “ಅಜ್ಜೀ, ನಮ್ಮ ಬೆಕ್ಕಿನ ಹೊಟ್ಟೆ ದಪ್ಪ ಆಗ್ತಿದೆ. ನಿಮ್ಮ ಮಂಡಿನೋವು ಹೇಗಿದೆ?” ಸುಳ್ಳಿಗೆ ಕಾಲಿಲ್ಲ ಅಂತಾರೆ, ನನ್ನ ಸುಳ್ಳಿಗೆ ಮಂಡಿನೋವೂ ಬಂದಿದೆ. ಇವತ್ತು ತರಗತಿಯಲ್ಲಿ ತಾನಾಗಿಯೇ ಕೈಯೆತ್ತಿದಳು. ಖುಷಿಗೆ ಡಸ್ಟರ್ ಕೈಜಾರಿತು.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಬೈದಳು.

“ಮಗು ಮನಸ್ಸಿನ ಜೊತೆ ಆಟ ಆಡ್ತಿದೀಯ ಕಣೇ. ಸಿಕ್ಕಿಬಿದ್ರೆ?”

“ಸುಮ್ನಿರೇ, ಹೆದರಿಸ್ಬೇಡ. ವರ್ಷದ ಕೊನೆಗೆ ಅಜ್ಜಿ ಎಲ್ಲಾದ್ರೂ ಪ್ರವಾಸ ಹೋಗ್ತಾಳೆ ಬಿಡು.”

ಸೆಪ್ಟೆಂಬರ್ 3

ಮುಗಿಯಿತು.

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಬ್ಲಾಗಿನಲ್ಲಿ ಮಕ್ಕಳ ಕಾಮೆಂಟುಗಳನ್ನು ಓದಿ ಪಾಸು ಮಾಡುತ್ತಿದ್ದೆ, ನನ್ನ ಅಕೌಂಟಿನಲ್ಲಿ. ಅದೇ ಭರದಲ್ಲಿ ಗುಬ್ಬಿಗೂ ಬರೆದುಬಿಟ್ಟೆ: “ಇವತ್ತು ಮಂಡಿನೋವು ಕಮ್ಮಿ ಮಗಳೇ. ಬೆಕ್ಕು ಮರಿ ಹಾಕ್ತಾ?” ಅಕೌಂಟ್ ಬದಲಿಸಿರಲಿಲ್ಲ. ನೋಡಲೂ ಇಲ್ಲ... ದಡ್ಡಿ, ದಡ್ಡಿ.

ಎರಡನೇ ಪೀರಿಯಡ್. ಪ್ರೊಜೆಕ್ಟರಿನಲ್ಲಿ ಅವಳ ಪೋಸ್ಟ್, ಓದಲು ಅವಳೇ ನಿಂತಿದ್ದಳು. ಎಷ್ಟು ಚೆನ್ನಾಗಿ ಓದಿದಳು. ಪುಟ ಕೆಳಗೆ ಸರಿಸಿದೆ. ಕಾಮೆಂಟಿನ ಪಕ್ಕ ನನ್ನ ಹೆಸರು, ನನ್ನ ಹಲ್ಲುಬಿಟ್ಟ ಫೋಟೋ.

ಹಿಂದಿನ ಬೆಂಚಿನಿಂದ ಕೂಗು: “ಅಯ್ಯಯ್ಯೋ, ಮಿಸ್ಸೇ ಅಜ್ಜಿ ಕಣ್ರೋ!” ಇಡೀ ತರಗತಿ ನಕ್ಕಿತು. ಗುಬ್ಬಿ ಕಾಮೆಂಟನ್ನು ಪೂರ್ತಿ ಓದಿ ಕೂತಳು.

ಸೆಪ್ಟೆಂಬರ್ 5

ಗುಬ್ಬಿಯನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದೆ.

“ಅಜ್ಜಿ ಇಲ್ವಾ ಮಿಸ್?”

“ಇಲ್ಲಮ್ಮಾ. ಆದ್ರೆ ನೀನು ಬರೆದಿದ್ದು ನಂಗೆ ನಿಜವಾಗ್ಲೂ ಇಷ್ಟ.”

“ನೀವು ಓದ್ಲೇಬೇಕಲ್ವಾ ಮಿಸ್. ಅದು ನಿಮ್ ಕೆಲಸ.” ಕೋಪವೇ ಇಲ್ಲ, ಲೆಕ್ಕ ಬಿಡಿಸುವ ದನಿ. “ಅಂದ್ರೆ ಇಷ್ಟು ದಿನ ಯಾರೂ ಓದಿಲ್ಲ.”

ಅಷ್ಟು ಹೇಳಿ ತರಗತಿಗೆ ಹೋದಳು. ನಾಚಿಕೆಯಾಗುತ್ತಿದೆ.

ಸೆಪ್ಟೆಂಬರ್ 20, ಮಧ್ಯಾಹ್ನ

ಗುಬ್ಬಿ ಹಳೆಯ ಪೋಸ್ಟುಗಳನ್ನೆಲ್ಲ ಅಳಿಸಿದ್ದಾಳೆ. ಇಸ್ತ್ರಿ ಇಲ್ಲ, ಬೆಕ್ಕಿಲ್ಲ. ಹೊಸದೊಂದಿದೆ: “ನಮ್ಮ ಶಾಲೆ ತುಂಬಾ ಚೆನ್ನಾಗಿದೆ. ನಮ್ಮ ಶಾಲೆಗೆ ದೊಡ್ಡ ಗೇಟ್ ಇದೆ. ನಮ್ಮ ಶಾಲೆ ನನಗೆ ಇಷ್ಟ.”

ಕೆಳಗೆ ತರಗತಿಯವರ ಕಾಮೆಂಟುಗಳು. ಮೊದಲ ಬಾರಿಗೆ. ಸೂಪರ್, ಸೂಪರ್, ಸೂಪರ್. ಎಲ್ಲಕ್ಕೂ ಥ್ಯಾಂಕ್ಸ್ ಹೇಳಿದ್ದಾಳೆ.

ನನ್ನ ಹೆಸರಲ್ಲೇ ಬರೆಯಲು ಕೂತೆ. ಎರಡು ಸಲ ಬರೆದು ಅಳಿಸಿದೆ. ಈಗ ಮೂರನೆಯದು — “ಪುಟ್ಟೀ, ಇದು ಚೆನ್ನಾಗಿಲ್ಲ ಕಣೇ. ನೀನು ಅಳಿಸಿದ ಇಸ್ತ್ರಿ, ಬೆಕ್ಕು ಎಲ್ಲ ನಾನು ಇಷ್ಟಪಟ್ಟೇ ಓದಿದ್ದೆ, ಕೆಲಸಕ್ಕಲ್ಲ.”